ನಂಬರಿಲ್ಲದ ಕೋಣೆ

ತ್ರಿಪೋ ಮೂವತ್ತಾರು ವರ್ಷ ಸಮುದ್ರದ ಮೇಲೆ ದುಡಿದವನು. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೋಟರ್ ಕೊಲ್ಲಿಯ ಇಕ್ಕಟ್ಟಾದ ಕಂಡಿಯಲ್ಲಿ ಈ ದಡದಿಂದ ಆ ದಡಕ್ಕೆ ಕಾರು, ಲಾರಿ, ಮೇಕೆ, ಮದುವೆ ದಿಬ್ಬಣ ಎಲ್ಲವನ್ನೂ ದಾಟಿಸುವ ಫೆರಿಯಲ್ಲಿ ಅವನು ಟಿಕೆಟ್ ಹರಿದುಕೊಡುತ್ತಿದ್ದ. ದಾಟುವುದಕ್ಕೆ ಹತ್ತು ನಿಮಿಷ, ಇಳಿಸುವುದಕ್ಕೆ ಐದು ನಿಮಿಷ, ಮತ್ತೆ ವಾಪಸ್ಸು. ನಿವೃತ್ತಿಯ ದಿನ ಯಾರೋ ಕೂತು ಲೆಕ್ಕ ಹಾಕಿ, ಅವನು ಭೂಮಿಯನ್ನು ಹತ್ತು ಸಲ ಸುತ್ತುವಷ್ಟು ದೂರ ಹೋಗಿದ್ದಾನೆ ಎಂದರು. ಅಷ್ಟು ಹೋಗಿಯೂ ಅವನು ತಲುಪಿದ್ದು ಎದುರು ದಡವನ್ನು ಮಾತ್ರ.

ಅವನ ಹೆಂಡತಿ ಪೆರಿನಾ ಅಷ್ಟು ದೂರವೂ ಹೋದವಳಲ್ಲ. ಅವಳ ಅಡುಗೆಮನೆಯ ಕಿಟಕಿ ನೇರವಾಗಿ ಕಂಡಿಗೆ ತೆರೆದುಕೊಂಡಿತ್ತು. ಪ್ರವಾಸದ ದೊಡ್ಡ ಹಡಗುಗಳು ಕೊಲ್ಲಿಯ ಒಳಗೆ ಬರುವಾಗ ಎಷ್ಟು ಹತ್ತಿರದಲ್ಲಿ ಹಾದುಹೋಗುತ್ತಿದ್ದವೆಂದರೆ, ಪ್ರಯಾಣಿಕರು ಬೆಳಗಿನ ತಿಂಡಿಗೆ ಏನು ತಿನ್ನುತ್ತಿದ್ದಾರೆಂದು ಅವಳಿಗೂ, ಅವಳ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಅವರಿಗೂ ಗೊತ್ತಾಗುತ್ತಿತ್ತು.

"ಸಾವಿರಾರು ಜನ ನನ್ನ ಪರದೆ ನೋಡ್ಕೊಂಡು ಹೋಗ್ತಾರೆ. ಒಂದ್ಸಲ ಆ ಕಡೆಯಿಂದ ನಾನೂ ನೋಡಬೇಕು ಕಣೋ, ಅದೇನು ಕಾಣತ್ತೆ ಅಂತ" ಎಂದು ಅವಳು ಹೇಳುತ್ತಿದ್ದಳು. ತ್ರಿಪೋ ಪ್ರತಿಸಲವೂ, "ಆಗಲಿ, ಮುಂದಿನ ವರ್ಷ" ಎನ್ನುತ್ತಿದ್ದ.

ಆ ಊರಿನಲ್ಲೊಂದು ಪದ್ಧತಿ. ಅಲ್ಲಿಯ ಗಂಡುಮಕ್ಕಳು ಅಜ್ಜಂದಿರ ಕಾಲದಿಂದಲೂ ಹಡಗಿನ ಕೆಲಸಕ್ಕೆ ಹೋಗುವವರು. ತಮ್ಮವರಿರುವ ಹಡಗು ಕಂಡಿ ದಾಟುವಾಗ ಮನೆಯವರು ಕಿಟಕಿಯಲ್ಲಿ ನಿಂತು ಮಂಚದ ಬಿಳಿ ಚಾದರ ಬೀಸಬೇಕು. ಬೀಸಿದ ಚಾದರ ಯಾರ ಕಣ್ಣಿಗೆ ಬಿದ್ದರೂ ಅವರು ಕೈ ಬೀಸಿಯೋ ಸಿಳ್ಳೆ ಊದಿಯೋ ಉತ್ತರ ಕೊಡಬೇಕು. ಯಾರು ಬೀಸಿದರು, ಯಾರಿಗಾಗಿ ಬೀಸಿದರು ಎಂದು ಕೇಳುವ ಹಾಗಿಲ್ಲ. ಪೆರಿನಾಗೆ ಮಕ್ಕಳಿರಲಿಲ್ಲ. ಆದರೂ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಚಾದರ ಅವಳದೇ, ಅದು ಸದಾ ಇಸ್ತ್ರಿಯಾಗಿ ಕಪಾಟಿನ ಮೇಲಿನ ಅಂಕಣದಲ್ಲಿ ಸಿದ್ಧವಾಗಿರುತ್ತಿತ್ತು. ಪಕ್ಕದ ಮನೆಯ ಮಿಲೇವಾಳ ಇಬ್ಬರು ಮಕ್ಕಳಿಗೆ, ಬೀದಿಯ ಕೊನೆಯ ಶ್ಪಿರೋ ಹಡಗಿನಲ್ಲಿ ಖಲಾಸಿಗಳ ಮೇಲ್ವಿಚಾರಕ ಸಾರಂಗನಾಗಿದ್ದಾಗ ಅವನಿಗೆ, ಹೀಗೆ ನಲವತ್ತು ವರ್ಷ ಊರಿನವರಿಗೆಲ್ಲ ಅವಳು ಬೀಸಿದ್ದಳು. ಅವಳಿಗಾಗಿ ಯಾರೂ ಒಂದು ಕರವಸ್ತ್ರವನ್ನೂ ಬೀಸಿರಲಿಲ್ಲ. ಪಾಪ, ಅವರ ತಪ್ಪಲ್ಲ, ಅವಳು ಎಲ್ಲಿಗೂ ಹೋಗಿರಲೇ ಇಲ್ಲ.

ಆ ವರ್ಷ ಮಾರ್ಚ್ ತಿಂಗಳಲ್ಲಿ ಹೃದಯದ ಡಾಕ್ಟರು ಅವಳ ಊದಿಕೊಂಡ ಕಾಲುಗಳನ್ನು ಒತ್ತಿ ನೋಡಿ, ತ್ರಿಪೋನನ್ನು ಹೊರಗೆ ಕರೆದರು. "ಮೆಟ್ಟಿಲು ಬೇಡ, ಗಾಳಿ ಬೇಡ, ನಿಂತ್ಕೊಳ್ಳೋದು ಬೇಡ. ಏನಾದರೂ ಆಸೆ ಇದ್ರೆ ಈ ವರ್ಷವೇ ಮಾಡಿಸಿಬಿಡಿ. ಮುಂದಿನ ವರ್ಷದ ಮಾತು ನಾನು ಆಡಲ್ಲ" ಎಂದರು. ಮುಂದಿನ ವರ್ಷದ ಮಾತನ್ನೇ ಜೀವನವಿಡೀ ಆಡಿಕೊಂಡು ಬಂದಿದ್ದ ತ್ರಿಪೋ ಮರುದಿನವೇ ಪೇಟೆಯ ಪ್ರವಾಸದ ಕಚೇರಿಗೆ ಹೋದ.

ಅಲ್ಲಿದ್ದ ಹುಡುಗಿ ತಿಯಾನಾ ಹಡಗಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು. ಅಕ್ಟೋಬರ್ ತಿಂಗಳಲ್ಲಿ ಡುಬ್ರೋವ್ನಿಕ್‌ನಲ್ಲಿ ಹತ್ತುವುದು, ಗ್ರೀಸ್ ಕಡೆ ಹೋಗಿ ತಿರುಗುವುದು, ಐದನೇ ದಿನ ಬೆಳಿಗ್ಗೆ ಇವರದೇ ಕೊಲ್ಲಿಗೆ ಬರುವುದು.

"ಎರಡು ದಾರಿ ಇದೆ, ಮಾಮ" ಎಂದಳು ತಿಯಾನಾ. "ಒಂದು, ಇದೇ ಕೋಣೆ ಅಂತ ಈಗಲೇ ಗೊತ್ತು ಮಾಡ್ಕೊಳ್ಳೋದು. ನೋಡಿ, ಎಂಟನೇ ಅಂತಸ್ತು, ಎಡಗಡೆ, ಬಾಲ್ಕನಿ ಇದೆ, ನಂಬರ್ 8114. ಹಡಗು ಒಳಗೆ ಬರೋವಾಗ ನಿಮ್ಮನೆ ಎಡಕ್ಕೇ ಸಿಗತ್ತೆ. ಅತ್ತೆ ಹಾಸಿಗೇಲಿ ಮಲಗಿದ್ದೇ ನೋಡಬಹುದು. ಇನ್ನೊಂದು, ನಂಬರಿಲ್ಲದ್ದು. ಬೆಲೆ ಮೂರನೇ ಒಂದು ಭಾಗ ಕಮ್ಮಿ. ಆದರೆ ಯಾವ ಕೋಣೆ ಅಂತ ಹಡಗಿನೋರು ಕೊನೇಲಿ ಹೇಳ್ತಾರೆ. ಎಲ್ಲಿ ಉಳಿದಿರತ್ತೋ ಅಲ್ಲಿ."

"ಅಂದ್ರೆ ನಂಬರಿಗೆ ದುಡ್ಡು ಅನ್ನು."

"ನಂಬರಿಗಲ್ಲ ಮಾಮ, ಕೋಣೆಗೆ."

"ಮಗಳೇ, ಮೂವತ್ತಾರು ವರ್ಷ ಟಿಕೆಟ್ ಕೊಟ್ಟೋನು ನಾನು. ಯಾರಿಗಾದ್ರೂ ನಂಬರ್ ಕೊಟ್ಟಿದೀನಾ? ಎಲ್ರೂ ದಾಟಲಿಲ್ವಾ?"

"ನಿಮ್ಮ ಫೆರೀಲಿ ಯಾರೂ ಮಲಗ್ತಿರಲಿಲ್ಲ."

"ಲಾರಿ ಡ್ರೈವರುಗಳು ಮಲಗ್ತಿದ್ರು" ಎಂದ ತ್ರಿಪೋ ಗಂಭೀರವಾಗಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನನ್ನು ಜಿಪುಣ ಎಂದು ಬೈದು ಸುಮ್ಮನಾಗಬಹುದಿತ್ತು. ಆದರೆ ಅವನಲ್ಲಿ ಒಂದು ಸಿದ್ಧಾಂತವೂ ಇತ್ತು, ಸಿದ್ಧಾಂತವಿರುವ ಜಿಪುಣನನ್ನು ದೇವರೂ ತಿದ್ದಲಾರ. ಅಗ್ಗದ ಕೋಣೆಗಳು ಮೊದಲೇ ಮಾರಾಟವಾಗುತ್ತವೆ. ಕೊನೆಗೆ ಉಳಿಯುವುದು ದುಬಾರಿಯವೇ. ಆದ್ದರಿಂದ ನಂಬರಿಲ್ಲದವನಿಗೆ ಸಿಗುವುದು ಹಡಗಿನಲ್ಲೇ ಶ್ರೇಷ್ಠವಾದದ್ದು. ತಿಯಾನಾ ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿದಳು. ತ್ರಿಪೋ ನಂಬರಿಲ್ಲದ ಟಿಕೆಟ್ ಕೊಂಡು, ಹಡಗಿನವರಿಗೇ ಮೋಸ ಮಾಡಿದ ಹೆಮ್ಮೆಯಿಂದ ಮನೆಗೆ ಬಂದ.

ಪೆರಿನಾ ಬೆಲೆ ಕೇಳಲಿಲ್ಲ, ಊಟ ಏನೆಂದು ಕೇಳಲಿಲ್ಲ. ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದವಳು ಒಂದೇ ಕೇಳಿದಳು.

"ಯಾವ ಕೋಣೆ?"

"ಯಾಕೆ?"

"ಗೊತ್ತಿದ್ರೆ ನಿದ್ದೆ ಬಾರದಾಗ ಮನಸ್ಸಲ್ಲೇ ಅಲ್ಲಿಗೆ ಹೋಗಿ ಮಲಗ್ತೀನಿ. ಯಾವ ಕಡೆ ಕಿಟಕಿ, ಎಲ್ಲಿಂದ ಬೆಳಕು ಅಂತ ತಿಳಿದಿರಬೇಕಲ್ಲ."

ತ್ರಿಪೋನ ಬಾಯಲ್ಲಿ ಆಗ ಇದ್ದದ್ದು ಒಂದೇ ನಂಬರು. "8114" ಎಂದ. "ಎಡಗಡೆ. ಬಾಲ್ಕನಿ."

ಪೆರಿನಾ ಕಣ್ಣು ಮುಚ್ಚಿಕೊಂಡು ಆ ನಂಬರನ್ನು ತುಟಿಯಲ್ಲೇ ಇನ್ನೊಂದು ಸಲ ಹೇಳಿಕೊಂಡಳು. ಅವಳ ಮುಖದಲ್ಲಿ ಎಷ್ಟೋ ತಿಂಗಳುಗಳಿಂದ ಕಾಣದ ನೆಮ್ಮದಿ ಬಂತು. ಅದನ್ನು ನೋಡಿದ ಮೇಲೆ ನಿಜ ಹೇಳುವ ಗಂಡಸು ಆ ದಡದಲ್ಲೂ ಇರಲಿಲ್ಲ, ಈ ದಡದಲ್ಲೂ ಇರಲಿಲ್ಲ.

ಪೆರಿನಾ ನಂಬರನ್ನು ಮಿಲೇವಾಗೆ ಹೇಳಿದಳು. ಮಿಲೇವಾಗೆ ಹೇಳಿದರೆ ಚರ್ಚಿನ ಗಂಟೆ ಬಾರಿಸಿ ಹೇಳುವ ಖರ್ಚು ಉಳಿಯುತ್ತದೆ. ಸಂಜೆಯ ಹೊತ್ತಿಗೆ ಶ್ಪಿರೋ ದುರ್ಬೀನು ಮತ್ತು ಹಡಗಿನದೊಂದು ಚಿತ್ರ ಹಿಡಿದು ಬಂದ. ಎಂಟನೇ ಅಂತಸ್ತಿನ ಬಾಲ್ಕನಿಗಳನ್ನು ಮೂಗಿನ ಕಡೆಯಿಂದ ಎಣಿಸಿ, ಒಂದರ ಮೇಲೆ ಕೆಂಪು ಶಾಯಿಯಲ್ಲಿ ಚುಕ್ಕೆ ಇಟ್ಟ.

"ಇದೇ. ಹದಿನೇಳನೇದು. ತ್ರಿಪೋ, ಬೆಳಿಗ್ಗೆ ನೀವು ಇಲ್ಲಿ ನಿಂತಿರ್ತೀರಿ. ಸಂಜೆ ಹಡಗು ಹೊರಗೆ ಹೋಗೋವಾಗ ಕಾಣಲ್ಲ, ಗೊತ್ತಾಯ್ತಾ? ಆಗ ನಮ್ಮ ಕಡೆ ಬರೋದು ಹಡಗಿನ ಬಲಗಡೆ. ಚಾದರ ಏನಿದ್ರೂ ಬೆಳಿಗ್ಗೆನೇ."

"ಯಾವ ಚಾದರ?" ಎಂದ ತ್ರಿಪೋ.

"ಯಾವ ಚಾದರ ಅಂತೆ!" ಎಂದಳು ಮಿಲೇವಾ. "ನಲವತ್ತು ವರ್ಷ ನಿನ್ನ ಹೆಂಡತಿ ಊರಿಗೆಲ್ಲಾ ಬೀಸಿದಾಳೆ. ಈಗ ಊರು ಅವಳಿಗೆ ಬೀಸತ್ತೆ. ನಿನಗೆ ಬೇಡ ಅಂದ್ರೆ ನೀನು ಕೋಣೆ ಒಳಗಡೆ ಕೂತ್ಕೋ!"

ಪೆರಿನಾ ಮೇಜುಬಟ್ಟೆಯ ಅಂಚನ್ನು ಬೆರಳಿನಿಂದ ನೇವರಿಸುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

ಅಲ್ಲಿಂದ ಮುಂದೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸ ಊರಿಗೆ ಊರೇ ಕೈಗೆತ್ತಿಕೊಂಡಿತು. ಊರ ಸಮಿತಿಯ ಅಧ್ಯಕ್ಷ ವಾಸೋ ತನ್ನ ಹೋಟೆಲಿನಲ್ಲಿ ಸಭೆ ಕರೆದ. ಚರ್ಚಿನ ಗಂಟೆ ಬಾರಿಸುವುದು, ಫೆರಿಯವರು ಮೂರು ಸಲ ಸಿಳ್ಳೆ ಊದುವುದು, 'ಪೆರಿನಾ, ನಿನ್ನನ್ನು ನೋಡುತ್ತಿದ್ದೇವೆ' ಎಂದು ಬಟ್ಟೆಯ ಮೇಲೆ ಬರೆದು ದಡದುದ್ದಕ್ಕೂ ಕಟ್ಟುವುದು ಎಂದು ತೀರ್ಮಾನವಾಯಿತು. ಆ ಹಡಗು ಬೇಸಿಗೆಯಲ್ಲಿ ಪ್ರತಿ ಮಂಗಳವಾರ ಬರುತ್ತಿದ್ದರಿಂದ, ಶ್ಪಿರೋನ ಒತ್ತಾಯಕ್ಕೆ ತಾಲೀಮೂ ನಡೆಯಿತು. ಶ್ಪಿರೋ ದುರ್ಬೀನು ಹಿಡಿದು "ಹದಿನೇಳು!" ಎಂದು ಕೂಗಿದೊಡನೆ ಇಪ್ಪತ್ತು ಕಿಟಕಿಗಳಲ್ಲಿ ಚಾದರ ಏಳುತ್ತಿತ್ತು. 8114ರಲ್ಲಿ ಆ ವಾರ ಯಾರಿದ್ದರೋ ಅವರ ಪಾಡು. ಜುಲೈ ತಿಂಗಳಲ್ಲಿ ಟವೆಲು ಸುತ್ತಿಕೊಂಡು ಕಾಫಿ ಕುಡಿಯುತ್ತಿದ್ದ ಒಬ್ಬ ಮನುಷ್ಯ ಇಡೀ ಊರು ತನ್ನತ್ತ ಕೈ ತೋರಿಸಿ ಕೂಗುವುದನ್ನು ಕಂಡು ಕಪ್ಪು ಬಿಟ್ಟು ಒಳಗೆ ಓಡಿದ.

ತ್ರಿಪೋ ಮಾತ್ರ ಹದಿನೈದು ದಿನಕ್ಕೊಮ್ಮೆ ಪೇಟೆಗೆ ಹೋಗುತ್ತಿದ್ದ.

"ಬಂತಾ ನಂಬರು?"

"ಇಲ್ಲ ಮಾಮ. ಹತ್ತೋ ದಿನ ಬರತ್ತೆ. 8114 ಇನ್ನೂ ಖಾಲಿ ಇದೆ. ವ್ಯತ್ಯಾಸ ಕಟ್ಟಿದ್ರೆ ಈಗಲೇ ನಿಮ್ಮ ಹೆಸರಿಗೆ ಹಾಕ್ತೀನಿ."

ಕೈ ಜೇಬಿನ ತನಕ ಹೋಗುತ್ತಿತ್ತು. ಅಷ್ಟರಲ್ಲಿ ಸಿದ್ಧಾಂತ ಅಡ್ಡ ಬರುತ್ತಿತ್ತು. ಇನ್ನೂ ಖಾಲಿ ಇದೆಯೆಂದರೆ ಅದು ತನಗಾಗಿಯೇ ಉಳಿಯುತ್ತಿದೆ ಎಂದಾಯಿತಲ್ಲ! ಪುಕ್ಕಟೆ ಬರುವುದಕ್ಕೆ ಯಾರು ದುಡ್ಡು ಕೊಡುತ್ತಾರೆ? ಆಗಸ್ಟ್ ಕೊನೆಯಲ್ಲಿ ಹೋದಾಗ ತಿಯಾನಾ ತಲೆ ಎತ್ತಲಿಲ್ಲ. "ಹೋಯ್ತು ಮಾಮ. ಸ್ಲೊವೇನಿಯಾದ ಯಾರೋ ತಗೊಂಡ್ರು" ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತ್ರಿಪೋ ಅಂದು ಫೆರಿಯಲ್ಲಿ ಈ ದಡ ಆ ದಡ ಎಂದು ಆರು ಸಲ ಸುಮ್ಮನೆ ಓಡಾಡಿ, ಕತ್ತಲಾಗುವ ಮುಂಚೆ ಮನೆಗೆ ಹೋದ. ಪೆರಿನಾ ಹಡಗಿನ ಬಾಲ್ಕನಿಯಲ್ಲಿ ಹೊದೆಯಲೆಂದು ಉಣ್ಣೆಯ ಶಾಲು ಹೆಣೆಯುತ್ತಿದ್ದಳು.

ಅಕ್ಟೋಬರ್ ತಿಂಗಳಲ್ಲಿ ಮಿಲೇವಾಳ ಮಗ ಅವರನ್ನು ಡುಬ್ರೋವ್ನಿಕ್‌ಗೆ ಕಾರಿನಲ್ಲಿ ಬಿಟ್ಟು ಬಂದ. ಹಡಗು ಹತ್ತುವಲ್ಲಿ ಒಬ್ಬ ಹುಡುಗಿ ನಗುನಗುತ್ತಾ ತ್ರಿಪೋನ ಕೈಗೆ ಎರಡು ಕಾರ್ಡು ಕೊಟ್ಟಳು. ಅದರ ಮೇಲೆ 4233 ಎಂದಿತ್ತು. ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಬಾಗಿಲು ತೆರೆದರೆ, ಚಿಕ್ಕದಾದರೂ ಚೊಕ್ಕಟವಾದ ಕೋಣೆ. ಎದುರು ಗೋಡೆಯಲ್ಲಿ ನೀಲಿ ಬಣ್ಣದ ಅಗಲವಾದ ಪರದೆ. ತ್ರಿಪೋಗೆ ಜೀವ ಬಂದ ಹಾಗಾಯಿತು. ಪರದೆ ಇದ್ದಲ್ಲಿ ಕಿಟಕಿ ಇರಲೇಬೇಕಲ್ಲ.

ಪೆರಿನಾ ಕುರ್ಚಿಯನ್ನು ತಾನೇ ಉರುಳಿಸಿಕೊಂಡು ಹೋಗಿ ಪರದೆ ಸರಿಸಿದಳು. ಹಿಂದೆ ಗೋಡೆ ಇತ್ತು. ಅವಳು ಅಂಗೈಯಿಂದ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ, ಪರದೆಯನ್ನು ಮತ್ತೆ ಸರಿಯಾಗಿ ಮುಚ್ಚಿದಳು.

"ಬಟ್ಟೆ ಒಳ್ಳೇದಿದೆ" ಎಂದಳು. ಆಮೇಲೆ, "ನಮ್ಮದು 8114 ಅಲ್ವಾ?"

"ಅಲ್ಲಿ ಪೈಪು ಒಡೆದಿದೆಯಂತೆ" ಎಂದ ತ್ರಿಪೋ. ಒಂದು ಸುಳ್ಳಿನ ಮನೆಯಲ್ಲಿ ಇನ್ನೊಂದಕ್ಕೆ ಜಾಗ ಸದಾ ಇರುತ್ತದೆ. "ರಿಪೇರಿ ಆದ ತಕ್ಷಣ ಬದಲಾಯಿಸ್ತಾರೆ. ನಾಳೆ, ನಾಡಿದ್ದು."

ಮರುದಿನ ಪೆರಿನಾ ಕೇಳಿದಳು, "ಪೈಪು ಏನಾಯ್ತು?" ಹೊಸ ಪೈಪು ಇಟಲಿಯಿಂದ ಬರಬೇಕು ಎಂದ. ಅದರ ಮರುದಿನವೂ ಕೇಳಿದಳು. ಪೈಪು ಬಂದಿದೆ, ಜೋಡಿಸುವವನಿಗೆ ಜ್ವರ. ತ್ರಿಪೋ ದಿನಕ್ಕೆ ನಾಲ್ಕು ಸಲ ವಿಚಾರಣೆಯ ಮೇಜಿನ ಮುಂದೆ ನಿಂತು, ಯಾವುದಾದರೂ ಒಂದು ಕಿಟಕಿ ಇರುವ ಕೋಣೆ ಕೊಡಿ, ದುಡ್ಡು ಕೊಡ್ತೀನಿ ಎಂದು ಬೇಡಿಕೊಂಡ. ಹಡಗು ಭರ್ತಿ, ಒಂದು ಗೂಡೂ ಖಾಲಿಯಿಲ್ಲ ಎಂದರು ಅವರು. ಮೂವತ್ತಾರು ವರ್ಷ "ಜಾಗ ಇಲ್ಲ, ಮುಂದಿನ ಫೆರಿಗೆ ಬನ್ನಿ" ಎಂದು ಜನರಿಗೆ ಹೇಳಿದ್ದವನಿಗೆ ಆ ಮಾತು ಕೇಳುವವರ ಕಿವಿಗೆ ಹೇಗಿರುತ್ತದೆಂದು ಮೊದಲ ಸಲ ತಿಳಿಯಿತು.

ಐದನೇ ದಿನ ಬೆಳಿಗ್ಗೆ ಹಡಗು ಕೊಲ್ಲಿಗೆ ತಿರುಗಿತು. ಕೋಣೆಯ ಆಸೆ ಬಿಟ್ಟ ತ್ರಿಪೋ, ಪೆರಿನಾಗೆ ಎರಡು ಸ್ವೆಟರು ತೊಡಿಸಿ, ಹೊಸ ಶಾಲು ಹೊದಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟಿನ ಮುಂದೆ ತಂದು ನಿಲ್ಲಿಸಿದ. "ಡಾಕ್ಟರಪ್ಪ ಬೈದ್ರೆ ಬೈಯಲಿ. ಮೇಲೆ ಹೋಗಿ ಐದು ನಿಮಿಷ ನಿಂತು ಬರೋಣ" ಎಂದ.

ಲಿಫ್ಟು ಬಂತು. ತುಂಬಿತ್ತು. ಬಾಗಿಲು ಮುಚ್ಚಿತು. ಇನ್ನೊಂದು ಬಂತು. ಕ್ಯಾಮೆರಾ ನೇತುಹಾಕಿಕೊಂಡ ಹದಿನೈದು ಜನ ಒಟ್ಟಿಗೆ ಕ್ಷಮೆ ಕೇಳುವ ಮುಖ ಮಾಡಿದರು. ಬಾಗಿಲು ಮುಚ್ಚಿತು. ಇಡೀ ಹಡಗು ಕೊಲ್ಲಿಯನ್ನು ನೋಡಲು ಮೇಲಕ್ಕೆ ಹೋಗುತ್ತಿತ್ತು, ಕೊಲ್ಲಿಯಲ್ಲೇ ಹುಟ್ಟಿದ ಇಬ್ಬರನ್ನು ಬಿಟ್ಟು. ತ್ರಿಪೋ ಗುಂಡಿಯನ್ನು ಒತ್ತಿದ, ಗುದ್ದಿದ, ಅದಕ್ಕೆ ತನ್ನ ಭಾಷೆಯಲ್ಲಿ ಬೈದ. ಆರನೇ ಸಲ ಬಾಗಿಲು ಮುಚ್ಚುವಾಗ ದೂರದಿಂದ, ಉಕ್ಕಿನ ಗೋಡೆಗಳ ಆಚೆಯಿಂದ, ಒಂದು ಗಂಟೆಯ ಸದ್ದು ಬಂತು.

"ನಮ್ಮ ಗಂಟೆ" ಎಂದಳು ಪೆರಿನಾ.

ಆಮೇಲೆ ಫೆರಿಯ ಸಿಳ್ಳೆ. ಒಂದು, ಎರಡು, ಮೂರು. ಕೊನೆಯದು ಸ್ವಲ್ಪ ಒಡೆದಿತ್ತು, ಅದು ಯಾವಾಗಲೂ ಒಡೆಯುತ್ತದೆ. ತಲೆಯ ಮೇಲೆಲ್ಲೋ ನೂರಾರು ಜನ ಹೋ ಎಂದು ಕೂಗಿದರು. ಪೆರಿನಾ ಲಿಫ್ಟಿನ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಶಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಸದ್ದು ಹಿಂದಕ್ಕೆ ಸರಿಯುತ್ತಾ ಹೋಗಿ ನಿಂತಿತು.

"ಪೈಪು ಇಲ್ಲ, ಪೆರಿನಾ" ಎಂದ ತ್ರಿಪೋ. "ಪೈಪೂ ಇಲ್ಲ, 8114ಊ ಇಲ್ಲ. ನಾನು ನಂಬರಿಲ್ಲದ್ದು ತಗೊಂಡಿದ್ದೆ. ಕಮ್ಮಿಗೆ ಸಿಗ್ತಿತ್ತು."

ಅವಳು ಶಾಲನ್ನು ಬಿಚ್ಚಿ ಮಡಿಲಲ್ಲಿ ಮಡಿಸಿಟ್ಟುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು, "ಮೂವತ್ತಾರು ವರ್ಷ ಊರಿಗೆಲ್ಲಾ ಟಿಕೆಟ್ ಕೊಟ್ಟೆ. ನನಗೊಂದು ಸರಿಯಾದ್ದು ಕೊಡೋಕೆ ನಿನ್ನ ಕೈಲಿ ಆಗಲಿಲ್ವಾ?"

ಅವಳು ಕೂಗಿ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕೋಣೆಗೆ ವಾಪಸ್ಸು ತಳ್ಳಿಕೊಂಡು ಹೋದ. ಅವಳು ಗೋಡೆಯ ಕಡೆ, ಆ ನೀಲಿ ಪರದೆಯ ಕಡೆ ಮುಖ ಮಾಡಿ ಮಲಗಿದಳು. ಅಷ್ಟರಲ್ಲಿ ತ್ರಿಪೋನ ಫೋನು ಬಡಿದುಕೊಂಡಿತು. ಅವನು ಹೊರಗೆ ಬಂದು ಎತ್ತಿಕೊಂಡ.

"ನೋಡಿದ್ವಿ! ಇಬ್ಬರನ್ನೂ ನೋಡಿದ್ವಿ!" ಮಿಲೇವಾ ಅಳುತ್ತಾ ಕೂಗುತ್ತಿದ್ದಳು. "ಎಷ್ಟು ಚೆನ್ನಾಗಿ ಕೈ ಬೀಸಿದ್ರಿ! ಪೆರಿನಾಗೆ ಕೆಂಪು ಟೋಪಿ ಎಷ್ಟು ಒಪ್ಪತ್ತೋ! ಮೈ ಕೈ ತುಂಬ್ಕೊಂಡಿದಾಳೆ, ಹಡಗಿನ ಊಟ ಹಿಡಿಸಿದೆ ಅವಳಿಗೆ. ಎದ್ದು ನಿಂತಿದ್ಲಲ್ಲೋ! ಎಷ್ಟು ದಿನ ಆಗಿತ್ತು ಅವಳು ನಿಂತಿದ್ದು ನೋಡಿ!"

ಶ್ಪಿರೋ ಫೋನು ಕಿತ್ತುಕೊಂಡ. "ತ್ರಿಪೋ, ದುರ್ಬೀನಲ್ಲಿ ಸ್ಪಷ್ಟವಾಗಿ ಕಂಡೆ ಮಾರಾಯ. ಒಂದು ಮಾತು ಕೇಳ್ತೀನಿ, ಐದು ದಿನದಲ್ಲಿ ಅಷ್ಟುದ್ದ ಗಡ್ಡ ಹೇಗೆ ಬಂತು?"

"ಸಮುದ್ರದ ಗಾಳಿ" ಎಂದ ತ್ರಿಪೋ.

"ನಾನೂ ಅದೇ ಅಂದೆ!" ಎಂದ ಶ್ಪಿರೋ. ಕಣ್ಣು ಬೇಕಾದರೆ ತಪ್ಪಬಹುದು, ಶ್ಪಿರೋ ಎಣಿಸಿದ ನಂಬರು ತಪ್ಪುವಂತಿಲ್ಲ.

ತ್ರಿಪೋ ಫೋನನ್ನು ಜೇಬಿಗೆ ಹಾಕಿ, ಗೋಡೆಗೆ ಒರಗಿ ನಿಂತು, ಮಕ್ಕಳ ಹಾಗೆ ಅತ್ತ. ಅತ್ತಾದ ಮೇಲೆ ಮೂಗು ಒರೆಸಿಕೊಂಡು ಎಂಟನೇ ಅಂತಸ್ತಿಗೆ ಮೆಟ್ಟಿಲು ಹತ್ತಿ ಹೋಗಿ 8114ರ ಬಾಗಿಲು ತಟ್ಟಿದ.

ಬಾಗಿಲು ತೆರೆದವಳು ಕೆಂಪು ಟೋಪಿಯ ಗುಂಡಗಿನ ಹೆಂಗಸು. ಹಿಂದೆ ಎದೆಯುದ್ದ ಗಡ್ಡದ ಗಂಡ. ಸ್ಲೊವೇನಿಯಾದವರು, ಬ್ರಿಗಿತಾ ಮತ್ತು ಅಲೋಯ್ಸ್. ಇಬ್ಬರ ನಾಡೂ ಒಂದೇ ದೇಶವಾಗಿದ್ದ ಹಳೆಯ ಕಾಲದಲ್ಲಿ ಶಾಲೆಗೆ ಹೋದವರಾದ್ದರಿಂದ ಮಾತು ಪರಸ್ಪರ ತಿಳಿಯುತ್ತಿತ್ತು.

"ನೀವು ಇಲ್ಲಿಯೋರಾ?" ಎಂದಳು ಬ್ರಿಗಿತಾ. "ಅಯ್ಯೋ, ಏನು ಜನ ನಿಮ್ಮೋರು! ಗಂಟೆ ಏನು, ಚಾದರ ಏನು! ನಮ್ಮೂರಲ್ಲಿ ಎದುರು ಮನೆಯೋನು ನಮಸ್ಕಾರ ಹೇಳಬೇಕಾದ್ರೂ ಗಡಿಯಾರ ನೋಡ್ತಾನೆ. ನಾನಂತೂ ಅತ್ತೇಬಿಟ್ಟೆ."

"ಆ ಚಾದರ ನನ್ನ ಹೆಂಡತಿಗೆ" ಎಂದ ತ್ರಿಪೋ. ಮತ್ತು ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದ. ನಂಬರು, ಸಿದ್ಧಾಂತ, ಪೈಪು, ಡಾಕ್ಟರು, ಲಿಫ್ಟು. ಹೇಳುತ್ತಾ ಹೇಳುತ್ತಾ ತಾನು ಎಂಥ ದಡ್ಡನೆಂದು ಅವನಿಗೇ ಕ್ರಮವಾಗಿ ತಿಳಿಯುತ್ತಾ ಹೋಯಿತು. ಬ್ರಿಗಿತಾ ತಲೆಯಿಂದ ಟೋಪಿ ತೆಗೆದಳು.

"ಸಂಜೆ ಹಡಗು ವಾಪಸ್ಸು ಹೋಗೋದೂ ಅದೇ ದಾರೀಲಲ್ವಾ?" ಎಂದ ಅಲೋಯ್ಸ್.

"ಆಗ ಮನೆ ಬಲಗಡೆ ಬರತ್ತೆ. ನಿಮ್ಮದು ಎಡಗಡೆ."

"ನನ್ನ ತಂಗಿ ಬಲಗಡೆ ಇದಾಳೆ. 8115" ಎಂದಳು ಬ್ರಿಗಿತಾ. "ಕರ್ಕೊಂಡು ಬನ್ನಿ. ಲಿಫ್ಟಿನ ಬಾಗಿಲಲ್ಲಿ ಅಲೋಯ್ಸ್ ನಿಂತಿರ್ತಾನೆ. ಅವನನ್ನ ದಾಟಿ ಯಾರು ಒಳಗೆ ಹೋಗ್ತಾರೋ ನಾನೂ ನೋಡ್ತೀನಿ."

ಸಂಜೆ ಐದಕ್ಕೆ ಹಡಗು ಹೊರಟಿತು. 8115ರಲ್ಲಿ ಆ ತಂಗಿ ತನ್ನ ಹಾಸಿಗೆಯನ್ನು ಗಾಜಿನ ಬಾಗಿಲಿನ ಹತ್ತಿರಕ್ಕೆ ಎಳೆಸಿಟ್ಟಿದ್ದಳು. ಪೆರಿನಾ ಮೂರು ದಿಂಬುಗಳಿಗೆ ಒರಗಿ ಕೂತಳು. ತ್ರಿಪೋನ ಜೊತೆ ಅವಳು ಇನ್ನೂ ಮಾತಾಡಿರಲಿಲ್ಲ. ಗಾಜಿನ ಆಚೆ ಬೆಟ್ಟಗಳು ನಿಧಾನವಾಗಿ ಹಿಂದಕ್ಕೆ ಸರಿದವು. ಕಂಡಿ ಬಂತು. ತಿರುವಿನಲ್ಲಿ ಮೊದಲು ಚರ್ಚು, ಆಮೇಲೆ ಶ್ಪಿರೋನ ಮನೆ, ಮಿಲೇವಾಳ ಮನೆ, ಆಮೇಲೆ ಅವರದು.

ಒಂದು ಕಿಟಕಿಯಲ್ಲೂ ಯಾರೂ ಇರಲಿಲ್ಲ. ಬೆಳಗಿನ ಕೆಲಸ ಸಾಂಗವಾಗಿ ಮುಗಿಯಿತೆಂದು ಊರೆಲ್ಲ ವಾಸೋನ ಹೋಟೆಲಿನ ಹಿಂದಿನ ಅಂಗಳದಲ್ಲಿ ಪೆರಿನಾಳ ಹೆಸರಿನಲ್ಲಿ ಕುಡಿಯುತ್ತಾ ಕೂತಿತ್ತು. ದಡದ ಬರಹದ ಒಂದು ತುದಿ ಕಿತ್ತುಹೋಗಿ ನೀರಿನಲ್ಲಿ ಬಿದ್ದಿತ್ತು. ಪೆರಿನಾಳ ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಪರದೆ ಎಳೆದಿತ್ತು. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಎರಡು ಕ್ಲಿಪ್ಪು ಬಿಟ್ಟರೆ ಏನೂ ಇರಲಿಲ್ಲ.

"ಮಿಲೇವಾಗೆ ಫೋನ್ ಮಾಡ್ತೀನಿ" ಎಂದು ತ್ರಿಪೋ ಜೇಬು ತಡಕಾಡಿದ. "ಒಂದು ನಿಮಿಷದಲ್ಲಿ ಎಲ್ರೂ ಓಡಿ ಬರ್ತಾರೆ."

"ಬೇಡ" ಎಂದಳು ಪೆರಿನಾ. ಬೆಳಿಗ್ಗೆ ಲಿಫ್ಟಿನ ಮುಂದೆ ಆಡಿದ ಮೇಲೆ ಅವನೊಡನೆ ಅದು ಅವಳ ಮೊದಲ ಮಾತು. "ಎಷ್ಟು ಚಿಕ್ಕದಿದೆ ನಮ್ಮನೆ." ಇನ್ನೂ ಸ್ವಲ್ಪ ನೋಡಿದಳು. "ನಾನಿಲ್ಲದಾಗ ಹೀಗಿರತ್ತೆ, ಅಲ್ವಾ."

ಬ್ರಿಗಿತಾ ಮುಖ ತಿರುಗಿಸಿಕೊಂಡಳು. ಪೆರಿನಾ ಕೈ ಚಾಚಿ ತಾನು ಕೂತಿದ್ದ ಹಾಸಿಗೆಯ ಚಾದರವನ್ನು ಎಳೆಯತೊಡಗಿದಳು. ಅವಳಲ್ಲಿ ಶಕ್ತಿ ಇರಲಿಲ್ಲ, ಅದು ದಿಂಬುಗಳಡಿ ಸಿಕ್ಕಿಕೊಂಡಿತ್ತು.

"ಹಿಡ್ಕೋ" ಎಂದಳು ಗಂಡನಿಗೆ. "ನಮ್ಮನೇಗೆ ಯಾರಾದ್ರೂ ಬೀಸಬೇಕಲ್ಲ."

ಅಲೋಯ್ಸ್ ಗಾಜಿನ ಬಾಗಿಲು ತೆರೆದ. ಒಂದು ತುದಿಯನ್ನು ತ್ರಿಪೋ ಹಿಡಿದು ಬಾಲ್ಕನಿಗೆ ಹೋದ, ಇನ್ನೊಂದನ್ನು ಪೆರಿನಾ ಹಾಸಿಗೆಯಲ್ಲಿ ಕೂತೇ ಹಿಡಿದಳು. ಯಾರದೋ ಚಾದರವನ್ನು ಇಬ್ಬರೂ ತಮ್ಮ ಖಾಲಿ ಮನೆಗೆ ಬೀಸಿದರು. ಕೆಳಗೆ ಹಡಗಿಗೆ ದಾರಿ ಬಿಟ್ಟು ಕಾಯುತ್ತಿದ್ದ ಫೆರಿಯ ಚಾಲಕನಿಗೆ ಬಲಗಡೆಯ ಬಾಲ್ಕನಿಯಲ್ಲಿ ಒಂದು ಚಾದರ ಕಂಡಿತು. ಯಾರದೆಂದು ಅವನಿಗೆ ತಿಳಿಯಲಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಅವನು ಉದ್ದವಾಗಿ ಸಿಳ್ಳೆ ಊದಿದ. ಕೊನೆಗೆ ಅದು ಸ್ವಲ್ಪ ಒಡೆಯಿತು. ಪೆರಿನಾ ಅದು ಪೂರ್ತಿ ನಿಲ್ಲುವ ತನಕ ಕೇಳಿಸಿಕೊಂಡು, ಆಮೇಲೆ ತುದಿ ಬಿಟ್ಟಳು.

ಅವಳು ಫೆಬ್ರವರಿಯಲ್ಲಿ ತೀರಿಕೊಂಡಳು. ಮಣ್ಣಿಗೆ ಬಂದ ಮಿಲೇವಾ, "ಆವತ್ತು ಕೆಂಪು ಟೋಪಿ ಹಾಕ್ಕೊಂಡು ಎಷ್ಟು ಗಟ್ಟಿಯಾಗಿ ನಿಂತಿದ್ಲು, ಇಷ್ಟು ಬೇಗ ಹೋಗ್ತಾಳೆ ಅಂತ ಯಾರು ಅಂದ್ಕೊಂಡಿದ್ರು?" ಎಂದು ಬಂದವರಿಗೆಲ್ಲ ಹೇಳಿ ಅತ್ತಳು. ತ್ರಿಪೋ ತಿದ್ದಲಿಲ್ಲ. ಊರಿನ ನೆನಪಿನಲ್ಲಾದರೂ ಅವಳು 8114ರಲ್ಲೇ ಇರಲಿ ಎಂದುಕೊಂಡ.

ಏಪ್ರಿಲ್ ತಿಂಗಳಲ್ಲಿ ಹಡಗುಗಳು ಮತ್ತೆ ಬರತೊಡಗಿದವು. ಮೊದಲನೆಯದು ಕಂಡಿಗೆ ತಿರುಗಿದ ಬೆಳಿಗ್ಗೆ, ತ್ರಿಪೋ ಕಪಾಟಿನ ಮೇಲಿನ ಅಂಕಣದಿಂದ ಇಸ್ತ್ರಿ ಮಾಡಿದ ದೊಡ್ಡ ಚಾದರವನ್ನು ತೆಗೆದು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಬೀಸಿದ. ಮೂಗಿನಿಂದ ಬಾಲದ ತನಕ, ಮೇಲಿನ ಅಂತಸ್ತಿನಿಂದ ನೀರಿನ ಮಟ್ಟದ ತನಕ, ಒಂದು ಬಾಲ್ಕನಿಯನ್ನೂ ಒಂದು ಕಿಂಡಿಯನ್ನೂ ಬಿಡದೆ ಬೀಸಿದ. ಕೆಳಗೆ ದಡದಲ್ಲಿ ಬಲೆ ಬಿಡಿಸುತ್ತಿದ್ದ ಶ್ಪಿರೋ ತಲೆ ಎತ್ತಿ ನೋಡಿ, ಪದ್ಧತಿ ಮರೆತು ಕೇಳಿದ.

"ಏನಯ್ಯಾ ಇದು? ಈ ಹಡಗಲ್ಲಿ ನಮ್ಮೂರೋರು ಯಾರೂ ಇಲ್ಲವಲ್ಲ. ಯಾರಿಗೆ ಬೀಸ್ತಿದೀಯಾ?"

"ಪೆರಿನಾಗೆ."

ಶ್ಪಿರೋ ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟ. ಹಳೆಯ ಅಭ್ಯಾಸದಿಂದ, "ಯಾವ ನಂಬರು?" ಎಂದು ಕೇಳಿದ.

"ಯಾವ ಕೋಣೆ ಕೊಟ್ಟಿದಾರೋ ನನಗೆ ಹೇಳಿಲ್ಲ ಮಾರಾಯ" ಎಂದ ತ್ರಿಪೋ. "ಅದಕ್ಕೇ ಎಲ್ಲಾದಕ್ಕೂ ಬೀಸ್ತಿದೀನಿ."